ನಾಯಿಯ ಜೊತೆ ಹೋಂಸ್ಟೇ: ತೋಟದ ಮನೆಯೇ, ಕಡಲ ತೀರವೇ, ಬೇಲಿ ಹಾಕಿದ ಫಾರ್ಮೇ?

ದೀಪಾವಳಿ ಹತ್ತಿರ ಬಂತೆಂದರೆ ನಾಯಿ ಸಾಕಿರುವ ಗೆಳೆಯರಿಂದ ನನಗೆ ಫೋನುಗಳು ಶುರುವಾಗುತ್ತವೆ. ಬೆಂಗಳೂರಿನ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿ ನಡುಗುವ ಪ್ರಾಣಿಯನ್ನು ಮೂರು ದಿನದ ಮಟ್ಟಿಗಾದರೂ ಎಲ್ಲಿಗಾದರೂ ಕರೆದೊಯ್ಯಬೇಕು. ಎಲ್ಲಿಗೆ? ಕೊಡಗಿನ ಕಾಫಿ ತೋಟಕ್ಕೋ, ಗೋಕರ್ಣದ ಕಡಲಿಗೋ, ಕನಕಪುರ ರಸ್ತೆಯ ಫಾರ್ಮಿಗೋ, ಮೈಸೂರಿನ ಹೋಟೆಲಿಗೋ? ಅಥವಾ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟು ನಾವಷ್ಟೇ ಹೋಗಿ ಬರುವುದೋ? ಒಂಬತ್ತು ವರ್ಷದ ನಮ್ಮ ನಾಡನಾಯಿ ಚಿನ್ನಿಯ ಜೊತೆ ಈ ಐದನ್ನೂ ಮಾಡಿ ನೋಡಿದ್ದೇನೆ. ಕೆಲವನ್ನು ಎರಡನೆಯ ಸಲ ಮಾಡುವುದಿಲ್ಲ.

‘ಪೆಟ್ ಫ್ರೆಂಡ್ಲಿ’ ಎಂಬ ಎರಡು ಪದಗಳನ್ನು ನಂಬಿ ಮುಂಗಡ ಕಟ್ಟಬೇಡಿ. ನಮ್ಮ ಕಡೆ ಅದಕ್ಕೆ ಕಡಿಮೆಯೆಂದರೂ ಮೂರು ಅರ್ಥಗಳಿವೆ. ನಾಯಿ ನಿಮ್ಮ ಕೋಣೆಯಲ್ಲೇ ಮಲಗಬಹುದು ಎಂಬುದು ಒಂದು. ಜಗಲಿಯವರೆಗೆ ಬರಬಹುದು, ಹೊಸ್ತಿಲು ದಾಟುವಂತಿಲ್ಲ ಎಂಬುದು ಇನ್ನೊಂದು. ಬರಬಹುದು, ಆದರೆ ರಾತ್ರಿ ಕೊಟ್ಟಿಗೆಯ ಪಕ್ಕದ ಗೂಡಿನಲ್ಲಿ ಕಟ್ಟಬೇಕು ಎಂಬುದು ಮತ್ತೊಂದು. ಈ ಮೂರನೆಯ ಅರ್ಥ ನನಗೆ ತಿಳಿದದ್ದು ಸಕಲೇಶಪುರದ ಆಚೆಯ ಒಂದು ತೋಟದ ಮನೆಯಲ್ಲಿ, ರಾತ್ರಿ ಎಂಟೂವರೆಗೆ, ಸುರಿಯುವ ಮಳೆಯಲ್ಲಿ. ಫೋನಿನಲ್ಲಿ “ಕರೆದುಕೊಂಡು ಬನ್ನಿ, ಏನೂ ತೊಂದರೆ ಇಲ್ಲ” ಎಂದಿದ್ದ ಯಜಮಾನರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ನಾಯಿ ಎಂದರೆ ಅಂಗಳದ ಪ್ರಾಣಿ. ಅದು ಹಾಸಿಗೆಯ ಕಾಲಬುಡದಲ್ಲಿ ಮಲಗುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಆ ರಾತ್ರಿ ನಾನೂ ಚಿನ್ನಿಯೂ ಕಾರಿನಲ್ಲಿ ಮಲಗಿದೆವು. ಹಣ ಕೊಟ್ಟ ಕೋಣೆ ವ್ಯರ್ಥವಾಗಬಾರದೆಂದು ನನ್ನ ಗಂಡ ಒಳಗೆ ಮಲಗಿದರು.

ಏನನ್ನು ನೋಡಿ ಆರಿಸಬೇಕು

ಆ ರಾತ್ರಿಯ ನಂತರ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ರಾತ್ರಿ ನಾಯಿ ಎಲ್ಲಿ ಮಲಗುತ್ತದೆ? ಎರಡನೆಯದು, ಆ ಮನೆಯಲ್ಲಿ ಎಷ್ಟು ನಾಯಿಗಳಿವೆ, ಅವು ಬಿಟ್ಟಿರುತ್ತವೆಯೇ, ಕಟ್ಟಿರುತ್ತವೆಯೇ? ಮೂರನೆಯದು ಬೇಲಿ. ನಾಲ್ಕನೆಯದು, ನಾಯಿಯನ್ನು ನೋಡುವ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ? ಐದನೆಯದನ್ನು ಮಾಲೀಕರಿಗಲ್ಲ, ನಿಮಗೆ ನೀವೇ ಕೇಳಿಕೊಳ್ಳಬೇಕು: ಹಗಲು ಹೊತ್ತು ನೀವು ಏನು ಮಾಡಬೇಕೆಂದಿದ್ದೀರಿ? ತಲಕಾವೇರಿ, ಶೃಂಗೇರಿ, ನಾಗರಹೊಳೆ ಸಫಾರಿ, ಕುದುರೆಮುಖದ ಚಾರಣ ಎಂದು ಪಟ್ಟಿ ಮಾಡಿಕೊಂಡಿದ್ದರೆ ಅದರಲ್ಲಿ ಒಂದಕ್ಕೂ ನಾಯಿಯನ್ನು ಕರೆದೊಯ್ಯುವಂತಿಲ್ಲ. ದೇವಸ್ಥಾನದ ಒಳಗೆ ಬಿಡುವುದಿಲ್ಲ, ರಾಷ್ಟ್ರೀಯ ಉದ್ಯಾನದೊಳಗೆ ಸಾಕುನಾಯಿಗೆ ಪ್ರವೇಶವಿಲ್ಲ. ಹೊಸ ಜಾಗದ ಮುಚ್ಚಿದ ಕೋಣೆಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವುದಾದರೆ ಅದನ್ನು ಕರೆದುಕೊಂಡು ಬಂದದ್ದೇ ಸುಮ್ಮನೆ. ಅರ್ಧದಷ್ಟು ಜನರಿಗೆ ನಾನು ಇಲ್ಲೇ “ನಾಯಿಯನ್ನು ಬಿಟ್ಟು ಹೋಗಿ” ಎಂದುಬಿಡುತ್ತೇನೆ.

ಹಣವನ್ನು ಕೊನೆಗೆ ಇಟ್ಟಿದ್ದೇನೆ. ಇವುಗಳ ನಡುವಿನ ದರದ ವ್ಯತ್ಯಾಸಕ್ಕಿಂತ ದರ ಕಟ್ಟುವ ರೀತಿಯ ವ್ಯತ್ಯಾಸವೇ ದೊಡ್ಡದು. ಅದನ್ನು ಮುಂದೆ ಹೇಳುತ್ತೇನೆ.

ತೋಟದ ಮನೆ

ಹೋಂಸ್ಟೇ ಎಂದರೆ ನಿಜವಾದ ಅರ್ಥದಲ್ಲಿ ಇದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಯೋಜನೆಯ ನಿಯಮದಂತೆ ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು, ಅತಿಥಿಗಳಿಗೆ ಕೊಡುವ ಕೋಣೆಗಳು ಆರನ್ನು ಮೀರಬಾರದು. ಅಂದರೆ ನೀವು ಹೋಗುತ್ತಿರುವುದು ಒಂದು ಸಂಸಾರದ ಮನೆಗೆ. ಅಲ್ಲಿ ಅಜ್ಜಿ ಇರುತ್ತಾರೆ, ದೇವರ ಕೋಣೆ ಇರುತ್ತದೆ, ಅಂಗಳದಲ್ಲಿ ಕೋಳಿ ಇರುತ್ತದೆ. ಮತ್ತು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ಮನೆಗಳಲ್ಲಿ ನಾಯಿಗಳಿದ್ದೇ ಇರುತ್ತವೆ. ಒಂದಲ್ಲ, ಮೂರೋ ನಾಲ್ಕೋ. ತೋಟ ಕಾಯುವುದು ಅವುಗಳ ಕಸುಬು. ಹೊರಗಿನ ನಾಯಿ ಬಂದರೆ ಅವು ಸುಮ್ಮನೆ ಬಾಲ ಅಲ್ಲಾಡಿಸಬೇಕೆಂದು ನಾವು ಬಯಸುವುದು ತಪ್ಪು.

ಆದ್ದರಿಂದ ಇಲ್ಲಿ ಎಲ್ಲವೂ ನಿಮ್ಮ ನಾಯಿಯ ಸ್ವಭಾವದ ಮೇಲೆ ನಿಂತಿದೆ. ಬೇರೆ ನಾಯಿಗಳ ಜೊತೆ ಹೊಂದಿಕೊಳ್ಳುವ, ಕರೆದರೆ ತಿರುಗಿ ಬರುವ ನಾಯಿಗೆ ತೋಟದ ಮನೆಯಂಥ ಸ್ವರ್ಗ ಇಲ್ಲ. ನನ್ನ ತಂಗಿಯ ಲ್ಯಾಬ್ರಡಾರ್ ಎರಡೇ ಗಂಟೆಯಲ್ಲಿ ಅಲ್ಲಿನ ನಾಯಿಗಳ ಪಡೆಗೆ ಸೇರಿಕೊಂಡು, ಊರಿಗೆ ಹೊರಡುವಾಗ ಕಾರು ಹತ್ತಲೊಲ್ಲದು. ಚಿನ್ನಿ ಹಾಗಲ್ಲ, ಬೇರೆ ನಾಯಿ ಕಂಡರೆ ಬೆನ್ನಿನ ಕೂದಲು ನಿಲ್ಲುತ್ತದೆ. ಅವಳಿಗಾಗಿ ನಾನು ಮನೆಯ ನಾಯಿಗಳನ್ನು ಹಗಲು ಕಟ್ಟಿ ರಾತ್ರಿ ಬಿಡುವ ತೋಟವನ್ನು ಹುಡುಕುತ್ತೇನೆ. ಮುಧೋಳ ನಾಯಿ ಸಾಕಿದವರು ಇನ್ನೂ ಒಂದು ಹೆಜ್ಜೆ ಹೆಚ್ಚು ಯೋಚಿಸಬೇಕು. ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗಲೆಂದೇ ಹುಟ್ಟಿದ ತಳಿ. ಯಜಮಾನರ ಕೋಳಿಯನ್ನು ಹಿಡಿದರೆ ಕೋಳಿಯ ದುಡ್ಡು ಕೊಟ್ಟು ಮುಗಿಸಬಹುದು. ಮೊಲದ ಹಿಂದೆ ಕಾಡಿನಂಚಿಗೆ ಓಡಿದರೆ ಮುಗಿಸಲಾಗದು.

ಕಾಡಿನಂಚಿನ ಅಪಾಯವನ್ನು ಪೇಟೆಯವರು ಹಗುರಾಗಿ ತೆಗೆದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ಯುವುದು ಸುದ್ದಿಯೇ ಅಲ್ಲ. ಕಾಡುಹಂದಿಗೆಂದು ಕದ್ದು ಇಟ್ಟ ಉರುಳು, ಸಿಡಿಮದ್ದಿನ ಉಂಡೆ ಇವು ನಾಯಿಗಳನ್ನೂ ಬಲಿ ತೆಗೆದುಕೊಳ್ಳುತ್ತವೆ. ಕತ್ತಲಾದ ಮೇಲೆ ಮೂತ್ರಕ್ಕೆ ಕರೆದೊಯ್ದರೂ ಕೈಯಲ್ಲಿ ಹಗ್ಗ, ಟಾರ್ಚ್ ಎರಡೂ ಇರಲಿ. ಅಂಗಳದ ದೀಪದ ಬೆಳಕು ದಾಟಬೇಡಿ.

ಮಳೆಗಾಲದಲ್ಲಿ ಇಂಬಳದ ಕಾಟ. ಕಾಲಿಗೆ ಹತ್ತಿದ್ದು ಉಪ್ಪು ತಾಗಿಸಿದರೆ ಬೀಳುತ್ತದೆ; ಮೂಗಿನೊಳಗೆ ಸೇರಿದರೆ ವೈದ್ಯರೇ ಬೇಕು. ಒಣ ತಿಂಗಳುಗಳಲ್ಲಿ ಉಣ್ಣೆಯ ಕಾಟ, ಮಲೆನಾಡಿನವರ ಬಾಯಲ್ಲಿ ಉಣುಗು. ನಾಯಿಗೆ ಉಣ್ಣೆ ಜ್ವರ ಬರುವುದು ಒಂದಾದರೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದೂ ಉಣ್ಣೆಯಿಂದಲೇ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆಗೆ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ಹೋಗುವವರು ನಾಯಿಯನ್ನು ಕಾಡಿನೊಳಗೆ ನುಗ್ಗಲು ಬಿಡದಿರುವುದು ತಮ್ಮ ಹಿತಕ್ಕೂ ಒಳ್ಳೆಯದು. ಹೊರಡುವ ಮೊದಲು ಉಣ್ಣೆಯ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಮರೆಯದೆ ಹೇಳಿ. ಹಿಂದಿರುಗಿದ ಎರಡು ಮೂರು ವಾರಗಳಲ್ಲಿ ನಾಯಿ ಊಟ ಬಿಟ್ಟು ಮಂಕಾದರೆ “ತೋಟಕ್ಕೆ ಹೋಗಿದ್ದೆವು” ಎಂಬ ಒಂದು ಮಾತು ವೈದ್ಯರ ಕೆಲಸವನ್ನು ಅರ್ಧ ಹಗುರಗೊಳಿಸುತ್ತದೆ.

ಕೊಯ್ಲಿನ ಕಾಲವನ್ನೂ ನೋಡಿಕೊಳ್ಳಿ. ಅರೇಬಿಕಾ ಕೊಯ್ಲು ಹೆಚ್ಚುಕಡಿಮೆ ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ. ಆಗ ತೋಟದ ತುಂಬ ಆಳುಗಳಿರುತ್ತಾರೆ, ಕಣದಲ್ಲಿ ಕಾಫಿ ಹರಡಿರುತ್ತದೆ. ಕಾಫಿಯ ಕೆಫೀನ್ ನಾಯಿಗೆ ವಿಷ. ಸಿಹಿಯಾದ ಹಣ್ಣಿನ ಆಸೆಗೆ ಬಾಯಿ ಹಾಕುವ ನಾಯಿಗಳುಂಟು. ಇನ್ನು ಪ್ರೀತಿಯ ಅಪಾಯ ಒಂದಿದೆ. ಕೊಡಗಿನ ಮನೆಗಳಲ್ಲಿ ಅತಿಥಿಯ ನಾಯಿಗೂ ಉಪಚಾರ ನಡೆಯುತ್ತದೆ; ಪಂದಿ ಕರಿಯ ಮೂಳೆ ತಟ್ಟೆಗೆ ಬೀಳುತ್ತದೆ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು, ಈರುಳ್ಳಿ ನಾಯಿಗೆ ಆಗದು. “ಇವಳ ಹೊಟ್ಟೆ ಸೂಕ್ಷ್ಮ, ಬರೀ ಅನ್ನ ಮೊಟ್ಟೆ ಸಾಕು” ಎಂದು ಮೊದಲೇ ಹೇಳಿಬಿಟ್ಟರೆ ಯಾರಿಗೂ ಬೇಸರವಿಲ್ಲ.

ಪಟಾಕಿಯಿಂದ ತಪ್ಪಿಸಿಕೊಳ್ಳಲು ಬರುವವರಿಗೆ ಒಂದು ಕಿವಿಮಾತು. ದೀಪಾವಳಿಯಲ್ಲಿ ಕೊಡಗು ಬೆಂಗಳೂರಿಗಿಂತ ಎಷ್ಟೋ ಶಾಂತ, ನಿಜ. ಆದರೆ ಅದಾದ ಕೆಲವು ವಾರಗಳಿಗೆ ಹುತ್ತರಿ ಬರುತ್ತದೆ. ಕದಿರು ಕೊಯ್ಯುವಾಗ ಗಾಳಿಯಲ್ಲಿ ಗುಂಡು ಹಾರಿಸುವುದು ಅಲ್ಲಿನ ಸಂಪ್ರದಾಯ. ಆನೆ ಬರುವ ಊರುಗಳಲ್ಲಿ ಹಬ್ಬವೇ ಬೇಕಿಲ್ಲ, ಯಾವ ರಾತ್ರಿಯಾದರೂ ಆನೆ ಓಡಿಸಲು ಪಟಾಕಿ ಸಿಡಿಸುತ್ತಾರೆ. ಆನೆ ಬರುತ್ತದೆಯೇ ಎಂದು ನಾನು ಕೇಳಿದರೆ ಎಷ್ಟೋ ಮಾಲೀಕರು ನಾನು ಆನೆ ನೋಡಲು ಹಂಬಲಿಸುತ್ತಿದ್ದೇನೆ ಎಂದು ತಿಳಿದು ಉತ್ಸಾಹದಿಂದ “ಬರುತ್ತದೆ, ಬರುತ್ತದೆ” ಎನ್ನುತ್ತಾರೆ. ಚಿನ್ನಿಯ ಮಟ್ಟಿಗೆ ಅದು ಆ ಮನೆಯನ್ನು ಬಿಡಲು ಕಾರಣ.

ವೈದ್ಯರ ವಿಷಯದಲ್ಲಿ ತೋಟಗಳೆಲ್ಲ ಒಂದೇ ಅಲ್ಲ. ಸಕಲೇಶಪುರದ ಸುತ್ತ ಇದ್ದರೆ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ತೀರ್ಥಹಳ್ಳಿ ಕಡೆಯವರಿಗೆ ಶಿವಮೊಗ್ಗದ ಕಾಲೇಜು. ಮಡಿಕೇರಿಯಿಂದ ದೊಡ್ಡ ಚಿಕಿತ್ಸೆ ಬೇಕೆಂದರೆ ಸುಮಾರು 120 ಕಿಲೋಮೀಟರ್ ಆಚೆಯ ಮೈಸೂರೇ ಗತಿ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಚಾರಿ ವಾಹನ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇರುವುದು. ಅದೊಂದನ್ನೇ ನೆಚ್ಚಿಕೊಂಡು ಹೃದ್ರೋಗದ ನಾಯಿಯನ್ನು ಘಟ್ಟಕ್ಕೆ ಕರೆದೊಯ್ಯಬೇಡಿ.

ಬೇಲಿ ಹಾಕಿದ ಫಾರ್ಮ್

ಕನಕಪುರ, ರಾಮನಗರ, ದೊಡ್ಡಬಳ್ಳಾಪುರ, ನಂದಿ ಬೆಟ್ಟದ ಸುತ್ತಮುತ್ತ ನಾಯಿಗಳಿಗೆಂದೇ ಸುತ್ತ ತಂತಿ ಬೇಲಿ ಹಾಕಿ, ಈಜುಕೊಳವನ್ನೂ ಕಟ್ಟಿದ ಫಾರ್ಮ್‌ಗಳಿವೆ. ನೋಡಲು ಏನೂ ಇಲ್ಲ. ಮಾವಿನ ಗಿಡಗಳು, ಒಂದಿಷ್ಟು ಹುಲ್ಲು, ಬಿಸಿಲು. ಆದರೆ ಬೆಂಗಳೂರಿನಿಂದ ಒಂದೆರಡು ಗಂಟೆಯ ದಾರಿ, ಬೇಲಿಯೊಳಗೆ ಹಗ್ಗ ಬಿಚ್ಚಿ ಬಿಡಬಹುದು, ಏನಾದರೂ ಆದರೆ ಅಂದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ತಲುಪಬಹುದು. ಮೊದಲ ಸಲ ನಾಯಿಯೊಂದಿಗೆ ಹೊರಗೆ ಉಳಿಯುವವರಿಗೆ ನಾನು ಸೂಚಿಸುವುದು ಇದನ್ನೇ, ಅದೂ ಒಂದೇ ರಾತ್ರಿಗೆ.

ಇಲ್ಲಿನ ತೊಡಕು ಇತರ ಅತಿಥಿಗಳು. ಶನಿವಾರ ಬಂತೆಂದರೆ ಏಳೆಂಟು ಮನೆಗಳ ನಾಯಿಗಳು ಒಂದೇ ಅಂಗಳದಲ್ಲಿ. ಮಾಲೀಕರು ಲಸಿಕೆಯ ಪುಸ್ತಕ ಕೇಳದೆ ಒಳಗೆ ಬಿಟ್ಟರೆ ಅಲ್ಲಿಂದಲೇ ಹಿಂದಿರುಗಿ. ನಿಮ್ಮದನ್ನು ಕೇಳದವರು ಬೇರೆಯವರದನ್ನೂ ಕೇಳಿರುವುದಿಲ್ಲ. ಲಸಿಕೆ ಪೂರ್ತಿಯಾಗದ ಮರಿಯನ್ನಂತೂ ಇಂಥ ಕಡೆ ಕರೆತರಲೇಬಾರದು, ಪಾರ್ವೊ ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಚಿನ್ನಿಯಂಥ ಮುಂಗೋಪಿಗಳಿಗೆ ವಾರದ ನಡುವಿನ ದಿನಗಳೇ ಸರಿ; ದರವೂ ಆಗ ಇಳಿದಿರುತ್ತದೆ.

ಕಡಲ ತೀರ

ಮರಳಿನ ಮೇಲೆ ಓಡುವ ನಾಯಿಯ ಚಿತ್ರ ಎಲ್ಲರ ಕಣ್ಣಮುಂದೆಯೂ ಇರುತ್ತದೆ. ಆ ಚಿತ್ರದಲ್ಲಿ ಕಾಣದ್ದನ್ನು ಹೇಳುತ್ತೇನೆ. ಗೋಕರ್ಣ, ಮಲ್ಪೆ, ಮರವಂತೆ ಎಲ್ಲಿ ಹೋದರೂ ಆ ತೀರಕ್ಕೆ ಅದರದ್ದೇ ಬೀದಿನಾಯಿಗಳಿವೆ, ಅವುಗಳಿಗೆ ಗಡಿಯೂ ಇದೆ. ದಡದಲ್ಲಿ ಗಾಳದ ಕೊಕ್ಕೆ, ಬಲೆಯ ತುಂಡು, ಸತ್ತ ಮೀನು ಬಿದ್ದಿರುತ್ತವೆ. ಹೊಟ್ಟೆ ಉಬ್ಬಿಸುವ ವಿಷದ ಪಫರ್ ಮೀನನ್ನು ನಾಯಿ ತಿಂದರೆ ಬದುಕುವುದು ಕಷ್ಟ. ಉಪ್ಪುನೀರು ಕುಡಿದರೆ ಮರುದಿನ ಭೇದಿ ಖಂಡಿತ. ಬೆಳಿಗ್ಗೆ ಹತ್ತರ ಮೇಲೆ ಮರಳು ಪಾದ ಸುಡುತ್ತದೆ.

ದಸರೆ ಕಳೆದ ಮೇಲೆ ಫೆಬ್ರುವರಿಯವರೆಗೆ ಮಾತ್ರ ಇದು ಯೋಚಿಸಬಹುದಾದ ಜಾಗ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವಕ್ಕೆ, ಹಸ್ಕಿಯಂಥ ದಟ್ಟ ಕೂದಲಿನವಕ್ಕೆ ಆಗಲೂ ಬೇಡ. ಕರಾವಳಿಯ ಸೆಕೆಗೆ ಎಸಿ ಇಲ್ಲದ ಕೋಣೆಯಲ್ಲಿ ಅವು ರಾತ್ರಿಯಿಡೀ ಏದುಸಿರು ಬಿಡುತ್ತವೆ. ದಾರಿಯೂ ಹಗುರಲ್ಲ. ಆಗುಂಬೆಯ 14 ತಿರುವುಗಳಲ್ಲಿ ಚಿನ್ನಿ ಮೂರು ಕಡೆ ವಾಂತಿ ಮಾಡಿಕೊಂಡಳು. ಅಂದಿನಿಂದ ಘಟ್ಟ ಇಳಿಯುವ ಮೂರು ನಾಲ್ಕು ಗಂಟೆ ಮೊದಲೇ ಅವಳ ಊಟ ಮುಗಿಸುತ್ತೇನೆ. ಇನ್ನು ಗೋಕರ್ಣ, ಉಡುಪಿ ಎರಡೂ ದೇವಸ್ಥಾನದ ಊರುಗಳು. ರಥಬೀದಿಯ ಸುತ್ತಲಿನ ಮಡಿ ಮನೆಗಳಲ್ಲಿ ನಾಯಿಯ ಮಾತೆತ್ತಲೇಬೇಡಿ. ಊರಿಂದ ಸ್ವಲ್ಪ ದೂರ, ತೆಂಗಿನ ತೋಟದೊಳಗಿನ ಬಿಡಿ ಮನೆಗಳನ್ನು ಹುಡುಕಿ. ಅಲ್ಲಿನ ಜಗಲಿಯಲ್ಲಿ ಸಂಜೆಯ ಗಾಳಿಗೆ ನಾಯಿಯ ಪಕ್ಕ ಕುಳಿತ ಒಂದು ಗಂಟೆಗಾಗಿ ಇಷ್ಟೆಲ್ಲ ಕಷ್ಟಪಡಬಹುದು ಎಂದು ನನಗೆ ವರ್ಷಕ್ಕೊಮ್ಮೆ ಅನ್ನಿಸುತ್ತದೆ.

ಹೋಟೆಲ್, ಬೋರ್ಡಿಂಗ್

ನಾಯಿಗೆ ಅನುಮತಿ ಇರುವ ಹೋಟೆಲ್‌ಗಳಲ್ಲಿ ನಿಯಮಗಳು ಬರಹದಲ್ಲಿರುತ್ತವೆ, ಇದೇ ಅವುಗಳ ದೊಡ್ಡ ಗುಣ. ಇಷ್ಟು ಕಿಲೋ ತೂಕದವರೆಗೆ, ಇಷ್ಟು ಶುಲ್ಕ, ಊಟದ ಹಾಲ್‌ಗೆ ಬರುವಂತಿಲ್ಲ. ವಾದಕ್ಕೆ ಎಡೆಯಿಲ್ಲ. ಓಡಾಡಲು ಜಾಗವೂ ಇಲ್ಲ. ಲಿಫ್ಟ್ ಇಳಿದು, ಪಾರ್ಕಿಂಗ್ ದಾಟಿ, ರಸ್ತೆಬದಿಯ ಮರ ಹುಡುಕಬೇಕು. ಎಳೆಯ ನಾಯಿಗೆ ಸೆರೆಮನೆ. ಕೀಲುನೋವಿನ ಮುದಿ ನಾಯಿಗೆ ಮಾತ್ರ ತಂಪಾದ ಕೋಣೆ, ಸಮತಟ್ಟಾದ ನೆಲ, ಊರಿನಲ್ಲೇ ವೈದ್ಯರು ಎಲ್ಲ ಒದಗುತ್ತವೆ.

ಬೋರ್ಡಿಂಗ್ ಎಂದರೆ ಮುಖ ಸಿಂಡರಿಸುವವರು ಅದನ್ನು ತಪ್ಪಿನ ಭಾವದಿಂದ ನೋಡುತ್ತಾರೆ. ಮದುವೆ, ತೀರ್ಥಯಾತ್ರೆ, ಸಫಾರಿಗೆ ಹೋಗುವವರಿಗೆ ಅದೇ ನಾಯಿಗೆ ಮಾಡುವ ಉಪಕಾರ. ಮೊದಲು ಒಂದು ರಾತ್ರಿ ಬಿಟ್ಟು ನೋಡಿ, ನಾಯಿಗಳು ಮಲಗುವ ಜಾಗವನ್ನು ಕಣ್ಣಾರೆ ನೋಡಿ. ಒಳಗೆ ಬಿಡದಿದ್ದರೆ ಅಲ್ಲಿ ಬಿಡಬೇಡಿ. ಅದಕ್ಕಿಂತ ಒಳ್ಳೆಯದು ನಾಯಿಗೆ ಪರಿಚಯವಿರುವ ಚಿಕ್ಕಮ್ಮನೋ ಅತ್ತಿಗೆಯೋ ನಿಮ್ಮ ಮನೆಗೇ ಬಂದು ಉಳಿಯುವುದು. ಬೆಕ್ಕು ಸಾಕಿದವರಿಗಂತೂ ಇದೊಂದೇ ದಾರಿ ಎನ್ನುತ್ತೇನೆ. ಬೆಕ್ಕಿಗೆ ಬೇಕಾದದ್ದು ಪ್ರವಾಸವಲ್ಲ, ತನ್ನ ಮನೆ.

ದುಡ್ಡಿನ ಲೆಕ್ಕ

ತೋಟದ ಮನೆಗಳು ಸಾಮಾನ್ಯವಾಗಿ ತಲೆಗೆ ಇಷ್ಟು ಎಂದು, ಊಟ ತಿಂಡಿ ಸೇರಿಸಿ ಹೇಳುತ್ತವೆ. ಕರಾವಳಿಯ ಮನೆ, ಹೋಟೆಲ್‌ಗಳಲ್ಲಿ ಕೋಣೆಗೆ ಇಷ್ಟು. ಫಾರ್ಮ್‌ಗಳಲ್ಲಿ ಅನೇಕವು ಇಡೀ ಮನೆಗೆ ಇಷ್ಟು. ಹಾಗಾಗಿ ಎರಡು ದರಗಳನ್ನು ನೇರವಾಗಿ ಪಕ್ಕ ಪಕ್ಕ ಇಟ್ಟು ನೋಡಿದರೆ ಮೋಸ ಹೋಗುತ್ತೀರಿ. ಲೆಕ್ಕಕ್ಕೆಂದು ತೋಟದಲ್ಲಿ ತಲೆಗೆ 2,500, ನಾಯಿಗೆ ರಾತ್ರಿಗೆ 500, ಫಾರ್ಮಿನಲ್ಲಿ ಇಡೀ ಮನೆಗೆ ರಾತ್ರಿಗೆ 10,000 ಎಂದಿಟ್ಟುಕೊಳ್ಳಿ. ಎರಡು ರಾತ್ರಿಗೆ ಗಂಡ ಹೆಂಡತಿ ಮತ್ತು ಒಂದು ನಾಯಿಗೆ ತೋಟದಲ್ಲಿ 11,000. ಫಾರ್ಮಿನಲ್ಲಿ 20,000, ಊಟ ಬೇರೆ. ಅದೇ ಎರಡು ಸಂಸಾರಗಳಿಂದ ಎಂಟು ಜನ, ಎರಡು ನಾಯಿ ಹೋದರೆ ತೋಟದಲ್ಲಿ 42,000 ಆಗುತ್ತದೆ. ಫಾರ್ಮಿನಲ್ಲಿ ಅದೇ 20,000, ಅಡುಗೆ ನೀವೇ ಮಾಡಿಕೊಂಡರೆ ಇನ್ನೂ ಅಗ್ಗ. ಇಬ್ಬರಿಗೆ ತೋಟ, ಗುಂಪಿಗೆ ಫಾರ್ಮ್.

ಮರುಪಾವತಿ ಠೇವಣಿ ಕೇಳುವವರನ್ನು ನಾನು ಮೆಚ್ಚುತ್ತೇನೆ. ನಾಯಿ ಹಾಸಿಗೆ ಹರಿದರೆ ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಆದರೆ ಯಾವುದಕ್ಕೆ ಹಿಡಿದುಕೊಳ್ಳುತ್ತಾರೆ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಕೋಣೆ ತಲುಪಿದ ಕೂಡಲೇ ಹಾಸಿಗೆ, ಬಾಗಿಲ ಅಂಚು, ಸೋಫಾದ ಫೋಟೊ ತೆಗೆದಿಡಿ. ಹೊದಿಕೆಯನ್ನು ಮನೆಯಿಂದಲೇ ಒಯ್ಯಿರಿ.

ಸಾರಿಗೆಯೂ ಖರ್ಚಿನಲ್ಲಿ ಸೇರುತ್ತದೆ. ಕಾರಿಲ್ಲದವರು ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ನಾಯಿಗೆ ಟಿಕೆಟ್ ಮಾಡಿಸಿ ಕರೆದೊಯ್ಯಬಹುದು, ಎಸಿ ಬಸ್ಸು, ರಾಜಹಂಸಗಳಲ್ಲಿ ಬಿಡುವುದಿಲ್ಲ. ರೈಲಿನಲ್ಲಿ ಎಸಿ ಮೊದಲ ದರ್ಜೆಯ ಪೂರ್ತಿ ಕೂಪೆಯೋ ಕ್ಯಾಬಿನ್ನೋ ನಿಮ್ಮದಾದರೆ ಮಾತ್ರ ನಾಯಿ ನಿಮ್ಮ ಜೊತೆ. ಇಲ್ಲವಾದರೆ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ. ಕೊಡಗಿಗಂತೂ ರೈಲೇ ಇಲ್ಲ. ಕಾರಿಲ್ಲದವರಿಗೆ, ಹಾಗಾಗಿ, ಫಾರ್ಮ್ ಹತ್ತಿರವಿರುವುದೇ ದೊಡ್ಡ ಉಳಿತಾಯ.

ಫೋನಿನಲ್ಲಿ ಕೇಳಬೇಕಾದದ್ದು

ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. “ನಾಯಿ ತರಬಹುದೇ?” ಎಂದರೆ “ತನ್ನಿ” ಎನ್ನುತ್ತಾರೆ. “ನಮ್ಮ ನಾಯಿ 14 ಕಿಲೋ, ಮನೆಯೊಳಗೇ ಮಲಗುವ ಅಭ್ಯಾಸ, ನಿಮ್ಮ ಕೋಣೆಯಲ್ಲಿ ಮಲಗಿಸಬಹುದೇ, ನಿಮ್ಮ ನಾಯಿಗಳು ಆಗ ಎಲ್ಲಿರುತ್ತವೆ?” ಎಂದು ಕೇಳಿ. ಆ ಕಡೆ ಒಂದು ಕ್ಷಣ ಮೌನ ಬಂದು, “ಮನೆಯವರನ್ನು ಕೇಳಿ ಹೇಳುತ್ತೇನೆ” ಎಂದರೆ ಸಂತೋಷಪಡಿ. ಅಡುಗೆಮನೆಯಿಂದ ಬರುವ ಉತ್ತರ ನಂಬಲು ಯೋಗ್ಯ. ತಳಿ ಯಾವುದು ಎಂದೂ ಕೇಳುತ್ತಾರೆ. ನಾಡನಾಯಿ ಎಂದ ಕೂಡಲೇ ದನಿ ಬದಲಾದ ಎರಡು ಕಡೆ ನಾನು ಮುಂದೆ ಮಾತೇ ಆಡಲಿಲ್ಲ.

ಹೊರಡುವುದಕ್ಕೆ ಮೂರು ವಾರ ಮೊದಲು ಲಸಿಕೆಯ ಪುಸ್ತಕ ತೆರೆಯಿರಿ. ರೇಬಿಸ್ ಲಸಿಕೆಯ ಅವಧಿ ಮುಗಿದಿದ್ದರೆ ಹಾಕಿಸಿ; ತೇವದ ಊರಿಗೆ ಹೋಗುವುದಾದರೆ ಇಲಿ ಜ್ವರದ ಲಸಿಕೆ ಸೇರಿದೆಯೇ ಎಂದು ನೋಡಿ, ಅದು ಕೆಲಸ ಮಾಡಲು ಸಮಯ ಬೇಕು. ಕೊರಳ ಪಟ್ಟಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಬರೆದಿರಲಿ. ಎಷ್ಟೋ ತೋಟಗಳಲ್ಲಿ ನಿಮ್ಮ ಮೊಬೈಲ್‌ಗೆ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಯಜಮಾನರ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿ.

ಈ ದೀಪಾವಳಿಗೆ ನಾವು ಮತ್ತೆ ಸಕಲೇಶಪುರದ ಕಡೆಗೇ ಹೊರಟಿದ್ದೇವೆ, ಬೇರೆ ಮನೆಗೆ. ಅವರಿಗೆ ಒಂದೇ ನಾಯಿ, ಹಲ್ಲಿಲ್ಲದ ಮುದುಕ. ಆನೆ ಬರುವುದಿಲ್ಲವಂತೆ. ಕೋಣೆಯಲ್ಲಿ ಮಲಗಿಸಬಹುದೇ ಎಂದದ್ದಕ್ಕೆ ಆ ಮನೆಯ ಅಮ್ಮ, “ಹಾಸಿಗೆ ಮೇಲೆ ಬೇಡ, ಕೆಳಗೆ ಗೋಣಿ ಹಾಸಿಕೊಡುತ್ತೇನೆ” ಎಂದರು. ಗೋಣಿಯ ಮೇಲೆ ಹಾಸಲು ಚಿನ್ನಿಯ ಹಳೆಯ ಕಂಬಳಿಯನ್ನು ಒಗೆದು ಒಣಗಿಸಿದ್ದೇನೆ.